ನೆಮ್ಮದಿಗೆ ಸ್ಲಾಟ್ ಬುಕ್ ಆಗಿದೆ

ಹೊಸ ಕ್ಯಾಲೆಂಡರ್ ಮನೆಗೆ ಬಂದರೆ ನಮ್ಮಮ್ಮ ಮೊದಲು ಹುಡುಕುತ್ತಿದ್ದುದು ಏಕಾದಶಿ, ಸಂಕಷ್ಟಿ. ನನ್ನ ಭಾಮೈದ ಹುಡುಕುವುದು ಶುಕ್ರವಾರ, ಸೋಮವಾರ. ಹಬ್ಬ ಯಾವುದು, ಯಾವ ದೇವರದು ಅನ್ನುವುದು ಅವನಿಗೆ ಬೇಡ. ವಾರದ ಯಾವ ತುದಿಗೆ ಬಿದ್ದಿದೆ ಅನ್ನುವುದು ಗೊತ್ತಾದರೆ ಸಾಕು. 2026ರ ಕ್ಯಾಲೆಂಡರ್ ಮಡಿಲಲ್ಲಿ ಹರಡಿಕೊಂಡು ನಮಗೆಲ್ಲ ವರ್ಷಫಲ ಹೇಳಿದ. "ಭಾವ, ಗಣರಾಜ್ಯೋತ್ಸವ ಸೋಮವಾರ, ಸೂಪರ್. ಕಾರ್ಮಿಕರ ದಿನ ಶುಕ್ರವಾರ. ಗಣೇಶ ಸೋಮವಾರ. ಗಾಂಧಿ ಶುಕ್ರವಾರ. ಕ್ರಿಸ್‌ಮಸ್ಸೂ ಶುಕ್ರವಾರ." ಆಮೇಲೆ ದನಿ ತಗ್ಗಿಸಿದ. ನೆಂಟರಲ್ಲಿ ಯಾರೋ ಹೋದ ಸುದ್ದಿ ಹೇಳುವ ಹಾಗೆ, "ಸ್ವಾತಂತ್ರ್ಯ ಶನಿವಾರ ಹೋಯ್ತು. ರಾಜ್ಯೋತ್ಸವ ಭಾನುವಾರ" ಅಂದ.

ಅವನಿಗೆ ಕನ್ನಡಾಭಿಮಾನ ಕಮ್ಮಿಯೇನಿಲ್ಲ. ಕಾರಿನ ಹಿಂದೆ ಹಳದಿ-ಕೆಂಪು ಸ್ಟಿಕ್ಕರ್ ಇದೆ. ಆದರೆ ನವೆಂಬರ್ 1 ಭಾನುವಾರ ಬಿದ್ದ ವರ್ಷ ತಾಯಿ ಭುವನೇಶ್ವರಿಯ ಮೇಲೆ ಸ್ವಲ್ಪ ಮುನಿಸು.

ಕಳೆದ ವರ್ಷ ಅವನ ಮುನಿಸು ಪಂಚಾಂಗದವರ ಮೇಲಿತ್ತು. 2025ರಲ್ಲಿ ಗಾಂಧಿ ಜಯಂತಿಯೂ ವಿಜಯದಶಮಿಯೂ ಒಂದೇ ಗುರುವಾರ ಬಂದುಬಿಟ್ಟವು. ಎರಡು ರಜೆ ಸೇರಿ ಒಂದೇ ಆಯಿತು. "ಇಬ್ಬರಲ್ಲಿ ಒಬ್ಬರು ಅಡ್ಜಸ್ಟ್ ಮಾಡ್ಕೊಂಡು ಶುಕ್ರವಾರ ಬರಬಹುದಿತ್ತಲ್ವಾ?" ಅಂತ ಅವನ ವಾದ. ಗಾಂಧಿಯನ್ನೋ ದುರ್ಗೆಯನ್ನೋ, ಯಾರನ್ನು ಹೇಳಿದ ಅಂತ ನಾನು ಕೇಳಲಿಲ್ಲ. ಅಂತೂ ಬುಧವಾರ ಆಯುಧ ಪೂಜೆ, ಗುರುವಾರ ಡಬಲ್ ರಜೆ, ಶುಕ್ರವಾರ ಅಜ್ಜಿಗೆ ಹುಷಾರಿಲ್ಲ, ಶನಿ-ಭಾನು ಹೇಗೂ ನಮ್ಮವೇ. ಐದು ದಿನ. "ಈ ಸಲ ರಿಲ್ಯಾಕ್ಸ್ ಮಾಡ್ಲೇಬೇಕು ಭಾವ" ಅಂದ. ಕರೆಂಟ್ ಬಿಲ್ ಕಟ್ಟಲೇಬೇಕು ಅನ್ನುವಾಗ ನಾವು ಒತ್ತಿ ಹೇಳುತ್ತೇವಲ್ಲ, ಅಂಥದೇ "ಲೇಬೇಕು".

ಆವತ್ತಿನಿಂದ ನಮ್ಮ ಮನೆಯಲ್ಲಿ ವಿಶ್ರಾಂತಿಯ ಕೆಲಸ ಶುರುವಾಯಿತು. ವಾಟ್ಸಾಪ್ ಗ್ರೂಪ್ ಹುಟ್ಟಿತು. ಅದಕ್ಕೆ ಮೂವರು ಅಡ್ಮಿನ್. ಕೊಡಗೋ ಚಿಕ್ಕಮಗಳೂರೋ ಅಂತ ಮತದಾನ ನಡೆಯಿತು. ಸೋತ ಕೊಡಗು ಪಕ್ಷದವರು ಎರಡು ದಿನ ಗ್ರೂಪಿನಲ್ಲಿ ಮಾತಾಡಲಿಲ್ಲ. ಭಾಮೈದ ಒಂದು ಎಕ್ಸೆಲ್ ಶೀಟ್ ಕಳಿಸಿದ. ಅದರಲ್ಲಿ ಮಂಜಿಗೆ ಸಮಯ, ಜಲಪಾತಕ್ಕೆ ಸಮಯ, ಮಂಜು ಬಾರದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಬೇರೆ ಕಾಲಂ. ಎರಡನೇ ದಿನ, 4:15ರಿಂದ 4:45: "ರಿಲ್ಯಾಕ್ಸ್". ಪಕ್ಕದಲ್ಲಿ ಕಂಸದೊಳಗೆ "ಟೀ ಸೇರಿ". ನನ್ನ ಹೆಂಡತಿ ಅದನ್ನೆಲ್ಲ ನೋಡಿ, "ರೀ, ಇದನ್ನ ಓದೋಕೇ ಒಂದು ದಿನ ರಜೆ ಹಾಕ್ಬೇಕು" ಅಂದಳು. ಹಾಕಿದಳು ಕೂಡ.

ಇನ್ನು ಉಳಿದುಕೊಳ್ಳುವ ಜಾಗ. ಹೋಮ್‌ಸ್ಟೇಯ ಜಾಹೀರಾತಿನಲ್ಲಿ ದೊಡ್ಡದಾಗಿ "ನೋ ನೆಟ್‌ವರ್ಕ್" ಅಂತ ಇತ್ತು. ಅದಕ್ಕೆ ತಲೆಗೆ ಇಷ್ಟು ಅಂತ ಜಾಸ್ತಿ ರೇಟು. ಹೆಸರು ಡಿಜಿಟಲ್ ಡಿಟಾಕ್ಸ್ ಪ್ಯಾಕೇಜ್. ಕೊರೊನಾ ಕಾಲದಲ್ಲಿ ಇದೇ ಮಲೆನಾಡಿನ ಮಕ್ಕಳು ಆನ್‌ಲೈನ್ ಕ್ಲಾಸಿಗಾಗಿ ಕೊಡೆ ಹಿಡಿದು ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ್ದರು. ಊರವರು ಟವರ್ ಕೊಡಿ ಅಂತ ಅರ್ಜಿ ಬರೆದು ಬರೆದು ಸುಸ್ತಾದರು. ಅವರ ಗೋಳನ್ನೇ ಈಗ ಪ್ಯಾಕೇಜ್ ಮಾಡಿ ಬೆಂಗಳೂರಿನವರಿಗೆ ಮಾರಬಹುದು ಅಂತ ಯಾರಿಗೋ ಹೊಳೆದಿದೆ. ಹಾಗೆ ನೋಡಿದರೆ ರಸ್ತೆಯ ಗುಂಡಿಗಳನ್ನೂ "ಆಫ್ ರೋಡ್ ಅನುಭವ" ಅಂತ ಆಗಲೇ ಮಾರುತ್ತಿದ್ದಾರೆ. ಕರೆಂಟ್ ಹೋದರೆ "ಕ್ಯಾಂಡಲ್ ಲೈಟ್ ಡಿನ್ನರ್".

ಫೋನಿನ ಕಾಟವಿಲ್ಲದ ರಜೆ ನಿಜವಾಗಿ ಸಿಗುವುದು ಶಾಸಕರಿಗೆ ಮಾತ್ರ, ಅದನ್ನು ಒಪ್ಪಿಕೊಳ್ಳಬೇಕು. 1984ರಲ್ಲಿ ಆಂಧ್ರದ ಶಾಸಕರು ನಮ್ಮಲ್ಲಿಗೆ ಬಂದಿದ್ದರು. 2017ರಲ್ಲಿ ಗುಜರಾತಿನ 40ಕ್ಕೂ ಹೆಚ್ಚು ಶಾಸಕರು ಬಿಡದಿ ಬಳಿಯ ರೆಸಾರ್ಟಿನಲ್ಲಿ ಹವಾ ಬದಲಾವಣೆ ಮಾಡಿಕೊಂಡರು. 2019ರಲ್ಲಿ ನಮ್ಮವರು ಮುಂಬೈಗೆ ಹೋದರು. ಅವರಿಗೆ ಶೀಟ್ ಇಲ್ಲ, ಮತದಾನ ಇಲ್ಲ. ಮತದಾನ ತಪ್ಪಿಸುವುದಕ್ಕೇ ಅಥವಾ ಗೆಲ್ಲುವುದಕ್ಕೇ ಆ ಪ್ರವಾಸ. ವಾಹನ ಮನೆ ಬಾಗಿಲಿಗೆ, ಊಟ ಕೂತಲ್ಲಿಗೆ. ಕ್ಷೇತ್ರದವರು ಎಷ್ಟು ಫೋನ್ ಮಾಡಿದರೂ "ನಾಟ್ ರೀಚಬಲ್". ವಾಪಸ್ ಯಾವಾಗ ಅನ್ನುವ ಚಿಂತೆಯೂ ಇಲ್ಲ. ಸರ್ಕಾರ ಉಳಿದ ದಿನ ಅಥವಾ ಬಿದ್ದ ದಿನ ಚೆಕ್‌ಔಟ್.

ನಮ್ಮ ಪಾಡು ಹಾಗಲ್ಲ. ಬುಧವಾರ ಕಾರು ತೊಳೆದು, ಬಾಳೆಕಂದು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹತ್ತಿಸಿ, ಗುರುವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಟ್ರಾಫಿಕ್ ತಪ್ಪಿಸಬೇಕಲ್ಲ. ಗೊರಗುಂಟೆಪಾಳ್ಯಕ್ಕೆ ಬಂದಾಗ ಗೊತ್ತಾಯಿತು, ಟ್ರಾಫಿಕ್ ತಪ್ಪಿಸಬೇಕು ಅಂತ ಇಡೀ ಬೆಂಗಳೂರು ನಾಲ್ಕಕ್ಕೇ ಎದ್ದಿದೆ. ಮುಂದೆ ಬಾಳೆಕಂದಿನ ಕಾರು, ಹಿಂದೆ ಬಾಳೆಕಂದಿನ ಕಾರು. ನೆಲಮಂಗಲದವರೆಗೂ ರಸ್ತೆಯೇ ಒಂದು ತೋಟದ ಹಾಗೆ ಕಾಣುತ್ತಿತ್ತು. ಪ್ರಕೃತಿಯ ಮಡಿಲಿಗೆ ಹೋಗುತ್ತಿದ್ದೇವೆ ಅನ್ನುವ ಭಾವನೆ ಮೊದಲು ಬಂದದ್ದು ಅಲ್ಲೇ. ಮೂಡಣ ಕೆಂಪಾದದ್ದನ್ನು ಟೋಲ್ ಕ್ಯೂನಲ್ಲಿ ನಿಂತು ನೋಡಿದೆವು. ಶೀಟಿನಲ್ಲಿ ಸೂರ್ಯೋದಯ ಹಾಸನ ದಾಟಿದ ಮೇಲೆ ಇತ್ತು.

ಅಲ್ಲೇ ಇನ್ನೊಂದು ಘಟನೆ. ಪಕ್ಕದ ಸಾಲಿನ ಕಾರಿನ ಗಾಜು ಇಳಿಯಿತು. ಒಳಗೆ ಭಾಮೈದನ ಮ್ಯಾನೇಜರ್. ಇವನು ಶುಕ್ರವಾರಕ್ಕೆ ಅಜ್ಜಿಯ ಹೆಸರು ಹೇಳಿ ರಜೆ ಹಾಕಿದ್ದ. ಅವರು ತಮ್ಮ ಮೇಲಿನವರಿಗೆ ಯಾರ ಹೆಸರು ಹೇಳಿದ್ದರೋ ಗೊತ್ತಿಲ್ಲ, ಇವನನ್ನು ಕಂಡ ತಕ್ಷಣ ಗಾಜು ಏರಿತು. ಇಬ್ಬರೂ ಹದಿನೈದು ನಿಮಿಷ ಅಕ್ಕಪಕ್ಕ, ಟೋಲಿನ ಬೋರ್ಡನ್ನೇ ಓದುತ್ತ ನಿಂತರು. ಕುಣಿಗಲ್ ದಾಟಿದ ಮೇಲೆ ತಿಂಡಿಗೆ ನಿಲ್ಲಿಸಿದ ಹೋಟೆಲಿನಲ್ಲಿ ನಾವು ಯಾರ ಕುರ್ಚಿಯ ಹಿಂದೆ ಅವರು ಯಾವಾಗ ಕೈ ತೊಳೆಯುತ್ತಾರೆ ಅಂತ ಕಾಯುತ್ತ ನಿಂತಿದ್ದೆವೋ, ಆ ಕುರ್ಚಿಯಲ್ಲಿದ್ದವರೂ ಅವರೇ. ಪಾಪ, ಇಡ್ಲಿ ಅರ್ಧಕ್ಕೇ ಬಿಟ್ಟು ಎದ್ದರು.

ಮುಳ್ಳಯ್ಯನಗಿರಿಗೆ ಈಗ ಸುಮ್ನೆ ಹೋಗುವ ಹಾಗಿಲ್ಲ. 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ಆನ್‌ಲೈನ್ ಬುಕಿಂಗ್ ತಂದಿದೆ. ಬೆಳಿಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ, ಪಾಳಿಗೆ 600 ವಾಹನ. ತಪ್ಪು ಅನ್ನುವಂತಿಲ್ಲ. ಆ ಕಿರಿದಾದ ಘಾಟಿ ರಸ್ತೆಯಲ್ಲಿ ನಮ್ಮಂಥವರು ಮಾಡಿದ್ದನ್ನು ನೋಡಿದರೆ 600 ಅನ್ನುವುದೇ ದೊಡ್ಡ ಮನಸ್ಸು. ನನಗೆ ಬೇಜಾರಾಗಿದ್ದು ಬೇರೆಯದಕ್ಕೆ. ಆಫೀಸಿನ ಎರಡು ಪಾಳಿಯಿಂದ ತಪ್ಪಿಸಿಕೊಂಡು ಬೆಟ್ಟಕ್ಕೆ ಓಡಿದರೆ ಬೆಟ್ಟಕ್ಕೂ ಎರಡು ಪಾಳಿ ಬಂದಿದೆ. ನಮ್ಮದು ಮಧ್ಯಾಹ್ನದ ಪಾಳಿ. ಬೆಳಗಿನ ಪಾಳಿಯವರು ನೆಮ್ಮದಿ ಮುಗಿಸಿ ಇಳಿಯುತ್ತಿದ್ದರು. ಒಬ್ಬರ ಮುಖದಲ್ಲೂ ಅದು ಕಾಣಲಿಲ್ಲ.

ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಕಾಫಿ ಬೀಜ ಮುಚ್ಚಿಟ್ಟುಕೊಂಡು ತಂದು ಇದೇ ಗಿರಿಯಲ್ಲಿ ಬಿತ್ತಿದರು ಅಂತ ಕತೆ ಇದೆ. ಸಮುದ್ರ ದಾಟಿ, ಕಾವಲು ದಾಟಿ ಬಂದರಂತೆ. ಈಗ ಬಂದಿದ್ದರೆ ಕೈಮರ ಚೆಕ್‌ಪೋಸ್ಟಿನಲ್ಲಿ, "ಸಾಬ್, ನಿಮ್ಮದು ಬೆಳಗಿನ ಸ್ಲಾಟು, ಟೈಮ್ ಮುಗೀತು" ಅಂತ ವಾಪಸ್ ಕಳಿಸುತ್ತಿದ್ದರು. ನಾವೆಲ್ಲ ಇವತ್ತಿಗೂ ಗಂಜಿ ಕುಡಿದುಕೊಂಡು ಇರುತ್ತಿದ್ದೆವು.

ಮೇಲೆ ಹತ್ತಿದೆವು. 1,930 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರ, ಈಗ ಕರ್ನಾಟಕದ ಅತಿ ಎತ್ತರದ ಕ್ಯೂ. ಮೆಟ್ಟಿಲಿನ ಮೇಲೆ ಒಬ್ಬರ ಬೆನ್ನಿಗೆ ಒಬ್ಬರು. ತುದಿಯಲ್ಲಿ ಮುಳ್ಳಪ್ಪ ಸ್ವಾಮಿಯ ಗದ್ದುಗೆ ಇದೆ. ತಪಸ್ಸಿಗೆ ಅಂತ ಇಲ್ಲಿಗೆ ಬಂದವರಿಗೆ ಆಗ ಜನರೇ ಸಿಗುತ್ತಿರಲಿಲ್ಲ. ನಮಗೆ ಜಾಗವೇ ಸಿಗಲಿಲ್ಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಣಿವೆ, ಗುಡ್ಡ, ಏನೂ ಕಾಣಲಿಲ್ಲ. ನಾಲ್ಕು ದಿಕ್ಕಿನಿಂದ ನಾಲ್ಕು ಬ್ಲೂಟೂತ್ ಸ್ಪೀಕರ್ ಮಾತ್ರ ಕೇಳಿಸುತ್ತಿದ್ದವು. ಪಕ್ಕದಲ್ಲಿದ್ದ ಹುಡುಗ ಬಿಳಿ ಮಂಜಿಗೆ ಬೆನ್ನು ಕೊಟ್ಟು ಫೋಟೊ ತೆಗೆಸಿಕೊಂಡು, "ವ್ಯೂ ಮಸ್ತ್ ಇದೆ" ಅಂದ. ಗೋಡೆಗೆ ಸುಣ್ಣ ಹೊಡೆಸಿ ಮನೆಯಲ್ಲೇ ತೆಗೆಯಬಹುದಿತ್ತು.

ಆದರೂ ನಾವು ಪುಣ್ಯವಂತರು. 2024ರ ಗಣರಾಜ್ಯೋತ್ಸವದ ಲಾಂಗ್ ವೀಕೆಂಡಿನಲ್ಲಿ ಕುಕ್ಕೆಯ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದ ವಿಡಿಯೊ ನೀವೂ ನೋಡಿರಬಹುದು. ಕಾಡಿನ ಬಾಗಿಲಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದು ನಿಂತ ಹಾಗಿತ್ತು. ಆಮೇಲೆ ಸರ್ಕಾರ ಚಾರಣಕ್ಕೂ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಅದಕ್ಕೂ ಮೊದಲು, 2023ರ ಜುಲೈನಲ್ಲಿ, ದೂಧಸಾಗರ ಜಲಪಾತ ನೋಡಲು ರೈಲು ಹಳಿ ಹಿಡಿದು ಹೊರಟವರಿಗೆ ರೈಲ್ವೆ ಪೊಲೀಸರು ಹಳಿಯ ಮೇಲೆಯೇ ಕಿವಿ ಹಿಡಿಸಿ ಬಸ್ಕಿ ಹೊಡೆಸಿದರು. ಸೋಮವಾರದಿಂದ ಶುಕ್ರವಾರ ಬಾಸ್ ಮುಂದೆ, ಭಾನುವಾರ ಪೊಲೀಸರ ಮುಂದೆ. ಆದರೆ ಒಂದು ಮಾತು ಹೇಳಲೇಬೇಕು. ಅವತ್ತು ಮಳೆಯಲ್ಲಿ ತೋಯುತ್ತ, ಫೋನ್ ಮುಟ್ಟದೆ, ಉಸಿರಿನ ಮೇಲೆ ಗಮನವಿಟ್ಟು ವ್ಯಾಯಾಮ ಮಾಡಿದವರು ಅವರೊಬ್ಬರೇ. ರೆಸಾರ್ಟಿನಲ್ಲಿ ಇದಕ್ಕೆ ವೆಲ್‌ನೆಸ್ ಅಂತ ಹೆಸರಿಟ್ಟು ದುಡ್ಡು ತೆಗೆದುಕೊಳ್ಳುತ್ತಾರೆ.

ನಾವು ಯಾರ ಹುಟ್ಟುಹಬ್ಬದ ರಜೆ ತಿನ್ನುತ್ತಿದ್ದೆವೋ ಆ ಗಾಂಧಿಯವರೂ ನಮ್ಮ ಕಡೆ ವಿಶ್ರಾಂತಿಗೆ ಬಂದವರೇ. 1927ರಲ್ಲಿ ಊರೂರು ತಿರುಗಿ ಆರೋಗ್ಯ ಕೆಟ್ಟಾಗ, ವೈದ್ಯರ ಮಾತು ಕೇಳಿ ನಂದಿ ಬೆಟ್ಟದಲ್ಲಿ ಒಂದು ತಿಂಗಳಿಗೂ ಹೆಚ್ಚು ಉಳಿದರು. 1936ರಲ್ಲಿ ಇನ್ನೊಮ್ಮೆ ಬಂದರು. ಒಂದೇ ಬೆಟ್ಟ, ಒಂದು ತಿಂಗಳು. ಅಲ್ಲಿಂದಲೂ ಕಾಗದ ಬರೆಯುತ್ತಲೇ ಇದ್ದರು ಅನ್ನುವುದು ಬೇರೆ ಮಾತು, ವರ್ಕ್ ಫ್ರಂ ಹಿಲ್. ಭಾಮೈದನ ಹಳೆಯ ಶೀಟೊಂದರಲ್ಲಿ ನಂದಿ ಬೆಟ್ಟವೂ ಇತ್ತು. ಸೂರ್ಯೋದಯ ಸೇರಿ 40 ನಿಮಿಷ.

ಸಂಜೆ ಹೋಮ್‌ಸ್ಟೇ ತಲುಪಿದೆವು. ಗೌಡ್ರು ಒಳ್ಳೆಯ ಮನುಷ್ಯ. ಕಡುಬು, ಅಕ್ಕಿರೊಟ್ಟಿ, ಬಿಸಿನೀರು, ಎಲ್ಲ ಸರಿಯಾಗಿತ್ತು. ಆದರೆ ಸುಮ್ಮನೆ ಜಗಲಿಯ ಮೇಲೆ ಕೂರಲು ಭಾಮೈದ ಬಿಡಲಿಲ್ಲ. ಪ್ಯಾಕೇಜಿನಲ್ಲಿ ಏಳು "ಆಕ್ಟಿವಿಟಿ" ಇವೆ, ದುಡ್ಡು ಕೊಟ್ಟಿದ್ದೇವೆ, ಒಂದೂ ಬಿಡುವ ಹಾಗಿಲ್ಲ. ತೋಟದಲ್ಲಿ ನಡೆದೆವು. ನನ್ನ ಕಾಲಿಗೆ ಮೂರು ಇಂಬಳ ಹತ್ತಿದವು. ಹೊಟ್ಟೆ ತುಂಬಾ ಕುಡಿದು, ಯಾವ ಅವಸರವೂ ಇಲ್ಲದೆ, ತಾವೇ ಉದುರಿ ಬಿದ್ದವು. ಆ ಐದು ದಿನದಲ್ಲಿ ನಾನು ಕಂಡ ಪೂರ್ತಿ ರಿಲ್ಯಾಕ್ಸ್ ಆದ ಜೀವಿಗಳು ಅವೇ.

ಕಾಫಿ ಕೇಳಲು ಅಡುಗೆಮನೆಗೆ ಹೋದೆ. ಗೋಡೆಯ ಮೇಲೆ ಕ್ಯಾಲೆಂಡರ್. ಅದರಲ್ಲಿ ಶುಕ್ರವಾರ, ಸೋಮವಾರದ ರಜೆಗಳಿಗೆಲ್ಲ ಕೆಂಪು ಸುತ್ತು ಹಾಕಿದೆ. ನಮ್ಮ ಭಾಮೈದ ಇಲ್ಲಿಗೂ ಬಂದಿದ್ದನೇ ಅಂತ ಗಾಬರಿಯಾಯಿತು.

"ಅದು ನಮ್ಮಮ್ಮ ಹಾಕಿದ್ದು" ಅಂದರು ಗೌಡ್ರು. "ಆ ದಿನ ಅವ್ರು ಇಲ್ಲಿರಲ್ಲ. ಬೆಂಗಳೂರಲ್ಲಿ ನಮ್ಮಕ್ಕನ ಮನೆ ಇದೆ, ಬಸವೇಶ್ವರನಗರದಲ್ಲಿ. ನೀವೆಲ್ಲ ಈ ಕಡೆ ಹೊರಟ್ರಿ ಅಂದ್ರೆ ಅವ್ರು ಆ ಕಡೆ ಬಸ್ ಹತ್ತುತ್ತಾರೆ. ವಯಸ್ಸಾಯ್ತಲ್ಲ, ಗಲಾಟೆ ಆಗಲ್ಲ."

ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ನೆಟ್‌ವರ್ಕ್ ಇಲ್ಲದ ಊರಲ್ಲಿ ಫೋನ್! ಗೌಡ್ರು ಸ್ವಲ್ಪ ನಾಚಿಕೊಂಡು, "ವೈಫೈ ಇದೆ ಸಾರ್, ಪ್ಯಾಕೇಜಿನವ್ರಿಗೆ ಮಾತ್ರ ಕೊಡಲ್ಲ" ಅಂದರು. ವಿಡಿಯೊ ಕಾಲ್. ಅವರ ತಾಯಿ ನಮ್ಮ ಬಸವೇಶ್ವರನಗರದ ಯಾವುದೋ ಮನೆಯ ಮುಂದೆ, ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಕಾಫಿ ಲೋಟ. ನನ್ನನ್ನು ನೋಡಿ ಊರು ಯಾವುದು ಅಂತ ಕೇಳಿದರು. ಅಲ್ಲೇ ಪಕ್ಕದ ರಸ್ತೆ ಅಂದೆ.

"ನಿಮ್ಮೂರು ಎಷ್ಟು ಚೆನ್ನಾಗಿದೆ ಮಾರಾಯ್ರೇ! ಒಂದು ಹಾರನ್ ಇಲ್ಲ. ರೋಡಿನ ಮಧ್ಯ ನಾಯಿ ಮಲಗಿದೆ ನೋಡಿ, ಬೆಳಿಗ್ಗೆಯಿಂದ ಎದ್ದಿಲ್ಲ. ಇಂಥ ಜಾಗ ಬಿಟ್ಟು ನೀವ್ಯಾಕೆ ಅಲ್ಲಿಗೆ ಬಂದ್ರಿ?"

ಹಿಂದಿನಿಂದ ಭಾಮೈದ ಕೂಗಿದ. "ಭಾವಾ, 4:15 ಆಯ್ತು, ರಿಲ್ಯಾಕ್ಸ್ ಮಾಡೋಕೆ ಬನ್ನಿ!" ಗಂಟೆ ಆಗಲೇ ಆರೂವರೆ. ಶೆಡ್ಯೂಲ್ ಎರಡು ಗಂಟೆ ಹಿಂದೆ ಬಿದ್ದಿತ್ತು, ದಿನವೂ ಒಂದು ತಪ್ಪಿತ್ತು.

ಇದಾಗಿ ಮೂರು ತಿಂಗಳಿಗೆ ಹೊಸ ಕ್ಯಾಲೆಂಡರ್ ಬಂತು. ವರ್ಷಫಲ ಹೇಳಿ ಮುಗಿಸಿದ ಭಾಮೈದ ಅಲ್ಲೇ ಕೂತು, ಗಣರಾಜ್ಯೋತ್ಸವಕ್ಕೆ ರೂಮು ಬೇಕು ಅಂತ ಗೌಡ್ರಿಗೆ ಫೋನ್ ಮಾಡಿದ. ಎತ್ತಿದ್ದು ಅವರ ತಾಯಿ. ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು.

"ಬನ್ನಿ, ಬನ್ನಿ. ಆದ್ರೆ ಬರೋದು ಶುಕ್ರವಾರ ರಾತ್ರಿನೋ, ಶನಿವಾರ ಬೆಳಿಗ್ಗೆನೋ, ಈಗ್ಲೇ ಸರಿಯಾಗಿ ಹೇಳ್ಬಿಡಿ. ನಂಗೆ ಕಿಟಕಿ ಸೀಟು ಸಿಗ್ಬೇಕಲ್ಲ."