ಥರ್ಮಾಕೋಲ್ ಬೇಡ, ಚುಕ್ಕಿ ರಂಗೋಲಿ ಸಾಕು

ಬೇಸಿಗೆಯಲ್ಲಿ ಶಿಕ್ಷಕರಿಗೆ ಐದು ದಿನ ಕಲಾ ಕಮ್ಮಟ ಮಾಡಿದರೆ ಜೂನ್ ಹೊತ್ತಿಗೆ ತರಗತಿಯೇ ಬದಲಾಗುತ್ತದೆ ಎಂದು ಒಂದು ಲೇಖನದಲ್ಲಿ ಓದಿದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಇಂಥ ಕಮ್ಮಟಕ್ಕೆ ಹೋಗಿ ಬಂದವಳು. ಅಷ್ಟು ಸುಲಭವಿಲ್ಲ.

ಅಲ್ಲಿ ಥರ್ಮಾಕೋಲ್, ಬಣ್ಣದ ಹಾಳೆ, ಅಂಟು ಕೊಟ್ಟು ಮುಖವಾಡ ಮಾಡಿಸಿದರು. ಖುಷಿಯೇನೋ ಆಯ್ತು. ಆದರೆ ನಮ್ಮೂರಲ್ಲಿ ಆ ಸಾಮಾನು ಸಿಗುವ ಅಂಗಡಿ ಇಲ್ಲ, ತಂದರೂ ದುಡ್ಡು ನನ್ನದೇ. ಎರಡು ಮುಖವಾಡ ಇವತ್ತಿಗೂ ಬೀರುವಿನ ಮೇಲೆ ಧೂಳು ತಿನ್ನುತ್ತಿವೆ!

ಕೊನೆಗೆ ಕೈಹಿಡಿದದ್ದು ರಂಗೋಲಿ. ನಾಲ್ಕನೇ ತರಗತಿಯ ಮಕ್ಕಳಿಗೆ ಅಂಗಳದಲ್ಲಿ 1, 3, 5, 7 ಅಂತ ಸಾಲಾಗಿ ಚುಕ್ಕಿ ಇಡಲು ಹೇಳಿದೆ. ಒಟ್ಟು ಎಣಿಸಿದರೆ 16. ‘ಟೀಚರ್, ಇದು ನಾಲ್ಕು ನಾಲ್ಕಲಿ ಹದಿನಾರು ಅಲ್ವಾ?’ ಎಂದ ಒಬ್ಬ ಹುಡುಗ. ಮುಂದಿನ ಸಾಲಿಗೆ 9 ಚುಕ್ಕಿ ಇಟ್ಟು, 25 ಬಂತು ಅಂತ ಕುಣಿದಾಡಿದರು. ಎಡಬಲ ಎರಡೂ ಕಡೆ ಒಂದೇ ಥರ ಇರುವ ಸಮಮಿತಿಯ ಪಾಠವೂ ಅಲ್ಲೇ ಮುಗಿಯಿತು. ಇದನ್ನು ಕಮ್ಮಟದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ, ನಲಿಯುತ್ತ ಕಲಿಸುವ ‘ನಲಿ-ಕಲಿ’ ಪದ್ಧತಿ ನೆನಪಿಸಿಕೊಳ್ಳಿ. ಹಾಡು, ಕಾರ್ಡು ಎಲ್ಲ ದಿನದ ಪಾಠದ ಒಳಗೇ ಇದ್ದವು. ಕಮ್ಮಟ ನಡೆಸುವವರೇ, ಸುಮ್ನೆ ರಜೆಯಲ್ಲಿ ಕಲಿಸಿ ಕೈಬಿಡುವ ಬದಲು ಆಗಸ್ಟ್‌ನಲ್ಲೊಮ್ಮೆ, ಡಿಸೆಂಬರ್‌ನಲ್ಲೊಮ್ಮೆ ನಮ್ಮ ಶಾಲೆಗೇ ಬನ್ನಿ. ಪೋರ್ಷನ್ ಮುಗೀತಾ ಅಂತ ಮಾತ್ರ ಕೇಳಬೇಡಿ.