‘ಇತರೆ’ ಒತ್ತಬೇಡಿ

ಬೆಳಗಾವಿಯವರಿಗೆ ಸಮುದ್ರ ಎಂದರೆ ಚೋರ್ಲಾ ಘಾಟಿನ ಆಚೆಗಿನ ಗೋವಾ. ಶನಿವಾರ ಸಂಜೆ ಗಾಡಿ ಹತ್ತಿದರೆ ರಾತ್ರಿ ಊಟಕ್ಕೆ ಅಲ್ಲಿರಬಹುದು, ಘಾಟಿನಲ್ಲಿ ರಸ್ತೆ ಅನ್ನೋದು ಸಿಕ್ಕರೆ. ಜೂನ್ ಕೊನೆಯಲ್ಲಿ ನಾವೂ ಹೋದೆವು. ದಂಡೆಯಲ್ಲಿ ಕೆಂಪು ಬಾವುಟ ನೆಟ್ಟಿದ್ದರು. ಘಟಪ್ರಭೆಯಲ್ಲಿ ಈಜು ಕಲಿತವನಿಗೆ ಬಾವುಟ ಯಾವ ಲೆಕ್ಕ ಅಂತ ಮೊದಲು ಮೊಳಕಾಲುದ್ದ, ಆಮೇಲೆ ಸೊಂಟದುದ್ದ ನೀರಿಗೆ ಇಳಿದೆ. ನೀಲಿ ಬಲೂನಿನಂಥದ್ದೊಂದು ತೇಲಿ ಬಂತು. ಯಾವುದೋ ಮಗುವಿನದಿರಬೇಕು ಅಂತ ಕೈ ಚಾಚಿದೆ. ಬಾರಕೋಲು ಬಿದ್ದಾಗ ಎತ್ತಿಗೆ ಏನನ್ನಿಸುತ್ತದೆ ಅನ್ನೋದು ಆವತ್ತು ಗೊತ್ತಾಯಿತು. ಮೊಣಕೈಯಿಂದ ಬೆರಳ ತನಕ ಕೆಂಪು ಬಾಸುಂಡೆ.

ದಂಡೆಗೆ ಬಂದದ್ದೇ ತಡ, ಸುತ್ತ ವೈದ್ಯರ ಸಮ್ಮೇಳನ. ಒಬ್ಬರು ಸುಣ್ಣ ಅಂದರು, ಒಬ್ಬರು ಟೂತ್‌ಪೇಸ್ಟ್. ಫೆನಿ ಸುರಿಯಿರಿ ಅಂದವರು ಅದನ್ನು ಆಗಲೇ ತಮ್ಮೊಳಗೆ ಸುರಿದುಕೊಂಡಿದ್ದರು. ಗೋಕಾಕ ಕಡೆಯ ತರುಣನೊಬ್ಬ ‘ಇದಕ್ಕ ಉಚ್ಚಿನ ಮದ್ದು ಕಾಕಾ, ನಾ ರೆಡಿ ಅದೀನಿ’ ಅಂತ ಮುಂದೆ ಬಂದ. ನಮ್ಮ ಕಡೆಯವರು ಕೊಡುಗೈ ದಾನಿಗಳು, ಸುಮ್ನೆ ಅಲ್ಲ. ಕೊನೆಗೆ ಜೀವರಕ್ಷಕ ಹುಡುಗ ಎಲ್ಲರನ್ನೂ ಸರಿಸಿದ. ಉಜ್ಜಬೇಡಿ ಅಂದ. ಸಮುದ್ರದ ನೀರಲ್ಲೇ ತೊಳೆದ. ಅಂಟಿದ್ದ ನೀಲಿ ದಾರವನ್ನು ಚಿಮುಟದಲ್ಲಿ ಕಿತ್ತ. ತಡೆಯುವಷ್ಟು ಬಿಸಿ ಇರುವ ನೀರಲ್ಲಿ 20 ನಿಮಿಷ ಕೈ ಇಡಿಸಿದ. ಉರಿ ಇಳಿಯಿತು. ಅದು ಬ್ಲೂ ಬಾಟಲ್ ಅನ್ನೋ ಕುಟುಕುವ ಸಮುದ್ರಜೀವಿಯಂತೆ, ಮಳೆಗಾಲದ ಗಾಳಿಗೆ ದಂಡೆಗೆ ಬರುತ್ತದಂತೆ, ಸತ್ತು ಬಿದ್ದದ್ದನ್ನೂ ಮುಟ್ಟಬಾರದಂತೆ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ನನಗೆ ಎರಡು ದಿನ ರಜೆ ಬೇಕಿತ್ತು. ರಜೆಗೆ ಸರ್ಟಿಫಿಕೇಟ್ ಬೇಕಿತ್ತು. ಸೋಮವಾರ ಬೆಳಗ್ಗೆ ಊರಿನ ಒಂದು ಆಸ್ಪತ್ರೆಯಲ್ಲಿ ಚೀಟಿ ಬರೆಸಲು ನಿಂತೆ.

‘ಏನ್ ಕಡದೈತ್ರಿ?’

‘ಜೆಲ್ಲಿ ಫಿಶ್.’

‘ಕನ್ನಡದಾಗ ಹೇಳ್ರಿ.’

‘ಅಂಬಲಿ ಮೀನು.’

‘ಅಂಬಲಿ ಕುಡದು ಮೈಯೆಲ್ಲಾ ಹಿಂಗಾತೇನ್ರಿ? ಹೊಟ್ಟಿ ಕೌಂಟರ್ ಆ ಕಡೆ ಐತಿ.’

ತಪ್ಪು ಅವರದಲ್ಲ. ಬೇಸಿಗೆ ಪೂರ್ತಿ ಜೋಳದ ಅಂಬಲಿ ಕುಡಿದು ಬದುಕುವ ಊರಿನಲ್ಲಿ ಆ ಹೆಸರು ಕೇಳಿ ಯಾರಿಗೆ ಹೆದರಿಕೆ ಬರುತ್ತದೆ? ಮೀನು ಅಂದದ್ದೂ ಸುಳ್ಳೇ. ಅದಕ್ಕೆ ಬೆನ್ನುಮೂಳೆ ಇಲ್ಲ. ನಾನು ಬಾಸುಂಡೆ ತೋರಿಸಿದೆ. ಅವರು ಕಂಪ್ಯೂಟರ್ ತೋರಿಸಿದರು. ಅದರಲ್ಲಿ ನಾಯಿ, ಬೆಕ್ಕು, ಮಂಗ, ಹಾವು, ಚೇಳು ಇದ್ದವು. ಕೊನೆಗೆ ‘ಇತರೆ’.

‘ಇತರೆ ಒತ್ತಿಬಿಡ್ರಿ’ ಅಂದೆ.

‘ಅದನ್ನ ಒತ್ತಿದ್ರ ಸಿಸ್ಟಮ್ ಹ್ಯಾಂಗ್ ಆಗ್ತೈತ್ರಿ ಸರ. ಹ್ವಾದ ವರ್ಷ ಒಬ್ರು ಒತ್ತಿದ್ರು, ಬೆಂಗಳೂರಿಂದ ಮಂದಿ ಬರಬೇಕಾತು.’

ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಅವರು ನಾಯಿ ಒತ್ತಿದರು. ಕಂಪ್ಯೂಟರ್ ಖುಷಿಯಾಗಿ ಮುಂದಿನ ಪ್ರಶ್ನೆ ಕೇಳಿತು. ಕಡಿದ ಪ್ರಾಣಿಗಳ ಸಂಖ್ಯೆ?

ಇಲ್ಲಿ ನಾನು ಸ್ವಲ್ಪ ಶಾಣ್ಯಾತನ ಮಾಡಿದೆ, ಮಾಡಬಾರದಿತ್ತು. ಬ್ಲೂ ಬಾಟಲ್ ನಿಜವಾದ ಜೆಲ್ಲಿ ಫಿಶ್ ಕೂಡ ಅಲ್ಲ, ಅದರ ದೂರದ ನೆಂಟ. ಒಂದು ಪ್ರಾಣಿಯ ಹಾಗೆ ಕಾಣುತ್ತದೆ, ಆದರೆ ಬಿಡಿಬಿಡಿ ಜೀವಿಗಳು ಕೂಡಿ ಆದ ಗುಂಪು ಅದು. ಮೇಲೆ ಗಾಳಿ ತುಂಬಿದ ಚೀಲ, ಗಾಳಿ ಬೀಸಿದ ಕಡೆ ಹೋಗುವುದೇ ಅದರ ಕೆಲಸ. ಕೆಳಗೆ ಬೇಟೆ ಹಿಡಿಯುವವರು ಬೇರೆ, ಅರಗಿಸಿಕೊಳ್ಳುವವರು ಬೇರೆ, ಮರಿ ಮಾಡುವವರು ಬೇರೆ. ಇದನ್ನೆಲ್ಲ ಬಿಡಿಸಿ ಹೇಳಿದೆ. ಸಾಲಿನಲ್ಲಿದ್ದ ರೈತರೊಬ್ಬರಿಗೆ ಥಟ್ಟನೆ ಅರ್ಥವಾಯಿತು.

‘ಅಂದ್ರ ನಮ್ಮ ಸಕ್ಕರಿ ಕಾರ್ಖಾನಿ ಸೊಸಾಯ್ಟಿ ಇದ್ದಂಗ ಅನ್ರಿ. ಅದೂ ಕಡೀತೈತಿ, ಯಾರು ಕಡದ್ರು ಅಂತ ತಿಳಿಯಾಂಗಿಲ್ಲ.’

ಸಂಖ್ಯೆ 1 ಅಂತ ಬರೆದರು. ಕಡಿದ ನಾಯಿಯ ಮೇಲೆ 10 ದಿನ ನಿಗಾ ಇಡಬೇಕು, ಸತ್ತರೆ ತಿಳಿಸಬೇಕು ಅಂತ ಚೀಟಿ ಬಂತು. ಡಾಕ್ಟರ್ ಪುಣ್ಯಾತ್ಮರು. ಕೈ ನೋಡಿ ನಕ್ಕು, ಸೂಜಿ ಬೇಡ ಅಂತ ಮುಲಾಮು ಬರೆದರು. ಕಂಪ್ಯೂಟರ್ ಅವರ ಮಾತು ಕೇಳಲಿಲ್ಲ. ಮೂರನೇ ದಿನದ ಚುಚ್ಚುಮದ್ದಿಗೆ ಬನ್ನಿ ಅಂತ ಮೊಬೈಲಿಗೆ ಸಂದೇಶ ಬಂತು, ಏಳನೇ ದಿನದ್ದೂ ಬಂತು.

ಸರ್ಟಿಫಿಕೇಟ್ ಹಿಡಿದು ಕಚೇರಿಗೆ ಹೋದೆ. ನಮ್ಮ ಹಿರಿಯ ಗುಮಾಸ್ತರ ಕಣ್ಣು ನಾಯಿಯ ಮೇಲೆ ನಿಲ್ಲಲಿಲ್ಲ, ‘ಗೋವಾ’ದ ಮೇಲೆ ನಿಂತಿತು.

‘ಇದು ಅಂತರರಾಜ್ಯ ವಿಷಯ ಆತಲ್ರಿ’ ಅಂದರು.

ಅವರನ್ನೂ ಬೈಯಲಾರೆ. ಮಹದಾಯಿ ಹುಟ್ಟುವುದು ನಮ್ಮ ಖಾನಾಪುರ ತಾಲ್ಲೂಕಿನಲ್ಲಿ. ಗೋವಾಕ್ಕೆ ಹೋಗಿ ಮಾಂಡೋವಿ ಅಂತ ಹೆಸರು ಬದಲಿಸಿಕೊಂಡು ಪಣಜಿಯ ಹತ್ತಿರ ಸಮುದ್ರ ಸೇರುತ್ತದೆ. ಅದರಲ್ಲಿ ನಮಗೆ 13.42 ಟಿಎಂಸಿ ಅಂತ 2018ರಲ್ಲಿ ನ್ಯಾಯಮಂಡಳಿ ಹೇಳಿತು. ಹೇಳಿದ್ದು ಕಾಗದದಲ್ಲಿದೆ, ನೀರು ಸಮುದ್ರದಲ್ಲಿದೆ. ಜೆಲ್ಲಿ ಫಿಶ್ಶಿನ ಮೈಯಲ್ಲಿ ನೂರಕ್ಕೆ 95 ಪಾಲು ನೀರೇ ಅಂತೆ. ಅದರ ಈ ನೆಂಟನದೂ ಹೆಚ್ಚುಕಡಿಮೆ ಹಾಗೇ ಇರಬೇಕು. ಆ ಲೆಕ್ಕ ಹಿಡಿದರೆ ನನ್ನನ್ನು ಕಡಿದದ್ದು ನಮ್ಮದೇ ನೀರು. ಅಷ್ಟಾದರೂ ವಾಪಸ್ ಬಂತಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಕು. ಈ ವಾದವನ್ನು ಗುಮಾಸ್ತರ ಮುಂದೆ ಇಟ್ಟೆ. ಅವರಿಗೆ ಭಾಳ ಹಿಡಿಸಿತು. ‘ಡಿಸೆಂಬರದಾಗ ಸುವರ್ಣ ಸೌಧದಾಗ ಅಧಿವೇಶನ ಇರ್ತದಲ್ರಿ, ಯಾರರ ಎಮ್ಮೆಲ್ಲೆ ಕಡಿಂದ ಎತ್ತಸ್ರಿ’ ಅಂದರು. ರಜೆ? ಅದು ಅಲ್ಲಿ ತನಕ ಬಾಕಿ.

ಆಸ್ಪತ್ರೆಯ ಕಂಪ್ಯೂಟರ್ ಈ ನಡುವೆ ಯಾರ್ಯಾರಿಗೆ ಏನೇನು ಕಳಿಸಿತ್ತೋ. ಹತ್ತನೇ ದಿನ ಒಂದು ಫೋನ್ ಬಂತು. ಬೀದಿ ನಾಯಿ ಹಿಡಿಯುವವರು.

‘ನಿಮಗ ಕಡದ ನಾಯಿ ಜೀವಂತ ಐತೇನ್ರಿ?’

‘ಗೊತ್ತಿಲ್ರಿ.’

‘ಸಾಕಿದ್ದೋ, ಬೀದೀದೋ?’

‘ಸಮುದ್ರದ್ದು.’

‘ಬೀದೀದು ಅಂತ ಬರಕೋತೀನಿ. ಬಣ್ಣ?’

‘ನೀಲಿ.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬರೆದುಕೊಳ್ಳುತ್ತಿದ್ದರು.

‘ಬಾಲ ಐತೇನ್ರಿ?’

‘ಭಾಳ ಅದಾವ್ರಿ. ಹತ್ತತ್ತು ಮೀಟರ್.’

‘ಆತ್ರಿ’ ಅಂದರು. ‘ಎಲ್ಲಿ ಅಡ್ಡಾಡತೈತಿ ಹೇಳ್ರಿ, ಗಾಡಿ ಕಳಸ್ತೀವಿ.’