ಹಳಿ ಇಲ್ಲದ ಊರಿಗೆ ಎರಡು ಎಂಜಿನ್

ಕೊಡಗಿಗೆ ರೈಲು ಬಂದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಐದು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ. ಲೋಕಸಭೆ ಚುನಾವಣೆಯ ಹೊತ್ತಿಗೆ ಮೈಸೂರಿನಿಂದ ಹೊರಟು ಕುಶಾಲನಗರದ ತನಕ ಭಾಷಣದ ಮೇಲೆ ಓಡುತ್ತದೆ. ಮತ ಎಣಿಕೆ ಮುಗಿದ ಸಂಜೆ ವಾಪಸ್ ಹೋಗುತ್ತದೆ. ಒಂದು ಸರ್ವೆ ಆಗಿದೆ ಅನ್ನುತ್ತಾರೆ, ಇನ್ನೊಂದು ಆಗಬೇಕು ಅನ್ನುತ್ತಾರೆ. ಬೇಡವೇ ಬೇಡ, ಕಾಡು ಹೋಗುತ್ತದೆ ಅನ್ನುವವರೂ ಇದ್ದಾರೆ. ಇವರೆಲ್ಲರ ನಡುವೆ ಟಿಕೆಟ್ ಸಿಕ್ಕಿದ್ದು ಅಭ್ಯರ್ಥಿಗಳಿಗೆ ಮಾತ್ರ.

ಹಾಗಂತ ಹಳಿ ಬಂದಿಲ್ಲ ಅನ್ನುವ ಹಾಗಿಲ್ಲ. ನಾಗರಹೊಳೆ ಕಾಡಂಚಿಗೆ ಹೋಗಿ ನೋಡಿ. ರೈಲ್ವೆಯವರು ಬಳಸಿ ಬಿಟ್ಟ ಹಳಿಗಳನ್ನು ತಂದು, ಕಂಬ ನೆಟ್ಟು, ಅಡ್ಡಡ್ಡ ಜೋಡಿಸಿ ಬೇಲಿ ಮಾಡಿದ್ದಾರೆ. ಆನೆ ತೋಟಕ್ಕೆ ಇಳಿಯಬಾರದು ಅಂತ. ಕೆಲವು ಆನೆಗಳು ಅದನ್ನೂ ದಾಟುವುದನ್ನು ಕಲಿತವು. ಮುಂಗಾಲು ಎತ್ತಿ ಆಚೆ ಹಾಕಿ, ಹೊಟ್ಟೆ ಜಾರಿಸಿ, ಹಿಂಗಾಲು ಎಳೆದುಕೊಂಡು ದಾಟುವ ವಿಡಿಯೋ ವಾಟ್ಸಾಪ್‌ನಲ್ಲಿ ಸುತ್ತಿ ಸುತ್ತಿ ಸವೆದಿದೆ. ಜಿಲ್ಲೆಯಲ್ಲಿ ರೈಲ್ವೆ ಸೌಲಭ್ಯವನ್ನು ಇಷ್ಟು ಚೆನ್ನಾಗಿ ಬಳಸಿಕೊಂಡವರು ಬೇರೆ ಯಾರೂ ಇಲ್ಲ. ಪಾಪ, ಅವಕ್ಕೆ ವೋಟಿಲ್ಲ.

ಇಂಥ ಜಿಲ್ಲೆಗೆ 2019ರಿಂದ 2023ರ ತನಕ ಡಬಲ್ ಎಂಜಿನ್ ಕೊಟ್ಟಿದ್ದರು. ದೆಹಲಿಯಲ್ಲೊಂದು, ಬೆಂಗಳೂರಿನಲ್ಲೊಂದು. ಎರಡೂ ಭರ್ಜರಿ ಹಾರನ್ ಹೊಡೆದವು. ಬೋಗಿ ಮಾತ್ರ ಇದ್ದಲ್ಲೇ ಇತ್ತು. 2008, 2013, 2018, ಮೂರು ಚುನಾವಣೆಯಲ್ಲೂ ಮಡಿಕೇರಿ ಮತ್ತು ವಿರಾಜಪೇಟೆ ಎರಡನ್ನೂ ಬಿಜೆಪಿಗೇ ಕೊಟ್ಟಿದ್ದ ಜನ 2023ರಲ್ಲಿ ಸಾಕಪ್ಪ ಸಾಕು ಅಂತ ಎರಡನ್ನೂ ಕಾಂಗ್ರೆಸ್ಸಿಗೆ ಕೊಟ್ಟರು. ಮಡಿಕೇರಿಗೆ ಮಂತರ್ ಗೌಡ, ವಿರಾಜಪೇಟೆಗೆ ಎ.ಎಸ್. ಪೊನ್ನಣ್ಣ. ರಾಜ್ಯದಲ್ಲಿ ಕಾಂಗ್ರೆಸ್ಸಿಗೆ 135 ಸೀಟು. ಇನ್ನೇನು ಬೇಕು? ಎಂಜಿನ್ ಒಂದೇ ಆಯಿತು, ಗಲಾಟೆ ಕಡಿಮೆಯಾಗುತ್ತದೆ ಅಂದುಕೊಂಡೆವು. ಒಂದೇ ಎಂಜಿನ್ನಿಗೆ ಇಬ್ಬರು ಡ್ರೈವರು ಅಂತ ಆಮೇಲೆ ಗೊತ್ತಾಯಿತು.

ಈ ಗೆಲುವಿನ ಹಿಂದೆ ಒಂದು ಮೊಟ್ಟೆಯ ಕಥೆ ಇದೆ. 2022ರ ಆಗಸ್ಟ್ 18ರಂದು ಮಳೆ ಹಾನಿ ನೋಡಲು ಬಂದಿದ್ದ ಅಂದಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯನವರ ಕಾರಿಗೆ ಮೊಟ್ಟೆ ಎಸೆದರು. ಕಪ್ಪು ಬಾವುಟವೂ ಇತ್ತು. ಕಾಂಗ್ರೆಸ್ಸಿನವರು ಆಗಸ್ಟ್ 26ಕ್ಕೆ ಮಡಿಕೇರಿ ಚಲೋ ಅಂದರು. ಬಿಜೆಪಿಯವರು ನಮ್ಮದೂ ಒಂದು ಸಭೆ ಅಂದರು. ಜಿಲ್ಲಾಡಳಿತ ನಿಷೇಧಾಜ್ಞೆ ಹಾಕಿ ಇಬ್ಬರನ್ನೂ ಮನೆಯಲ್ಲಿ ಕೂರಿಸಿತು. ಆ ಒಂದು ವಾರ ಗುಡ್ಡದ ಬರೆ ಕುಸಿದ ಮನೆಯವರನ್ನು ಕೇಳಿದವರಿಲ್ಲ, ರಾಜ್ಯ ಪೂರ್ತಿ ಮೊಟ್ಟೆಯದ್ದೇ ಮಾತು. ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ ಜಿಲ್ಲೆಯ ಎರಡೂ ಸೀಟು ಅವರ ಪಕ್ಷಕ್ಕೆ, ಅವರು ಮುಖ್ಯಮಂತ್ರಿ. ಎಸೆದವರೇ ಕೂತು ಕಾವು ಕೊಟ್ಟ ಹಾಗಾಯಿತು.

ಮೊಟ್ಟೆಯಿಂದ ಕೋಳಿಗೆ ಬರೋಣ. 2025ರ ನವೆಂಬರಿಗೆ ಸರ್ಕಾರಕ್ಕೆ ಎರಡೂವರೆ ವರ್ಷ ತುಂಬಿತು. ಮುಂದಿನ ಎರಡೂವರೆ ವರ್ಷ ಯಾರದ್ದು ಅನ್ನುವ ಪ್ರಶ್ನೆಗೆ ಇಡೀ ರಾಜ್ಯ ಟಿವಿ ಮುಂದೆ ಕೂತಿತು. ನವೆಂಬರ್ 29ಕ್ಕೆ ಮುಖ್ಯಮಂತ್ರಿಗಳ ಮನೆಯಲ್ಲಿ ತಿಂಡಿ. ಡಿಸೆಂಬರ್ 2ಕ್ಕೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಮನೆಯಲ್ಲಿ ತಿಂಡಿ, ಅಲ್ಲಿ ನಾಟಿ ಕೋಳಿ. ಎರಡು ದಿನವೂ ಒಳಗೆ ಏನು ಬೆಂದಿತು ಅಂತ ಹೊರಗೆ ಮೈಕ್ ಹಿಡಿದವರು ವರದಿ ಮಾಡಿದರು. ಬೆಳಿಗ್ಗೆ ಬೆಳಿಗ್ಗೆ ನಾಟಿ ಕೋಳಿ ತಿನ್ನುವುದಕ್ಕೆ ಕೊಡಗಿನವರು ತಕರಾರು ಮಾಡುವುದಿಲ್ಲ, ಜೊತೆಗೆ ನಮ್ಮ ಅಕ್ಕಿ ಉಂಡೆ ಕಡಂಬುಟ್ಟು ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು ಅಂದೇವು ಅಷ್ಟೇ. ತಿಂಡಿ ಮುಗಿಸಿ ಹೊರಬಂದ ಇಬ್ಬರೂ ನಮ್ಮಲ್ಲಿ ಭಿನ್ನಾಭಿಪ್ರಾಯ ಇಲ್ಲ, ಹೈಕಮಾಂಡ್ ಹೇಳಿದ ಹಾಗೆ ಅಂದರು. ವೋಟು ಹಾಕಿದ ನಾವು ಹೇಳುವುದು ಏನಾದರೂ ಇದೆಯಾ ಅಂತ ಯಾರೂ ಮೈಕ್ ತಿರುಗಿಸಲಿಲ್ಲ.

ವಿರೋಧ ಪಕ್ಷ ಕೇಳಬೇಕಿತ್ತು, ನಿಜ. ಅವರಿಗೆ ಅವರ ಮನೆಯದ್ದೇ ಜಗಳ. ಒಬ್ಬರನ್ನು ಹೊರಗೆ ಹಾಕಿ ಬಾಗಿಲು ಹಾಕುವಷ್ಟರಲ್ಲಿ ಇನ್ನೊಬ್ಬರು ಒಳಗಿನಿಂದ ಕೂಗುತ್ತಾರೆ.

ಇತ್ತ ಗ್ಯಾರಂಟಿ. ಇದರಲ್ಲಿ ನನಗೆ ಪೂರ್ತಿ ನಗು ಬರುವುದಿಲ್ಲ. ತಿಂಗಳಿಗೆ 2000 ರೂಪಾಯಿ ಅಂದರೆ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಅಕ್ಕಿ, ಎಣ್ಣೆ, ಮಕ್ಕಳ ಚಪ್ಪಲಿ. ಬಿಟ್ಟಿ ಭಾಗ್ಯ ಅಂತ ಮೂಗು ಮುರಿಯುವವರು ಮಳೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕಾಫಿ ಗಿಡದ ಬುಡ ಬಿಡಿಸಿದವರಲ್ಲ. ನಗು ಬರುವುದು ಬೇರೆ ಕಾರಣಕ್ಕೆ. ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಒಳ ಊರುಗಳಿಗೆ ಬರುವುದು ಜಾಸ್ತಿ ಪ್ರೈವೇಟ್ ಬಸ್ಸು. ಶುಕ್ರವಾರ ಮಡಿಕೇರಿ ಸಂತೆಗೆ ಹೊರಟ ಹೆಂಗಸೊಬ್ಬರು ಸೆರಗಿನ ಗಂಟಿನಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದರು. ಕಂಡಕ್ಟರ್ ಅದನ್ನು ಮುಟ್ಟಲೂ ಇಲ್ಲ.

"ಅಕ್ಕಾ, ಆಧಾರ್ ಒಳಗಿಡಿ. ಇದು ಪ್ರೈವೇಟ್. ಇಪ್ಪತ್ತು ರೂಪಾಯಿ ಕೊಡಿ."

"ಫ್ರೀ ಬಸ್ಸು ಎಷ್ಟೊತ್ತಿಗೆ ಅಣ್ಣ?"

"ಫ್ರೀ ಬಸ್ಸು ಅದು ಫ್ರೀ ಇದ್ದಾಗ ಬರ್ತದೆ ಅಕ್ಕ."

ಇಡೀ ಬಸ್ಸು ನಕ್ಕಿತು. ಆಕೆಯೂ ನಕ್ಕರು. ನಕ್ಕು ಇಪ್ಪತ್ತು ರೂಪಾಯಿ ಕೊಟ್ಟರು.

ಮನೆಯ ಯಜಮಾನಿಗೆ ಆ 2000 ಕೊಡುವ ಗೃಹಲಕ್ಷ್ಮಿಯದ್ದು ಇನ್ನೊಂದು ಕಥೆ. 2025ರ ಫೆಬ್ರವರಿ, ಮಾರ್ಚ್ ಕಂತು ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಎದ್ದಿತು. ಅಷ್ಟರಲ್ಲಿ ಏಪ್ರಿಲಿನದ್ದು ಬಂದಿತ್ತು, ಮೇ ತಿಂಗಳದ್ದು ಬಂದಿತ್ತು, ನಡುವಿನ ಎರಡು ತಿಂಗಳು ಮಾತ್ರ ಕಾಣೆ. ಬ್ಯಾಂಕಿನ ಕೌಂಟರಿನಲ್ಲಿ ಒಬ್ಬರು ಅಜ್ಜಿ ಪಾಸ್‌ಬುಕ್ ಮುಂದೆ ಹಿಡಿದು ಕೇಳುತ್ತಿದ್ದರು, "ಆ ಎರಡು ತಿಂಗಳು ನಾನು ಯಜಮಾನಿ ಆಗಿರ್ಲಿಲ್ವಾ ಮಗಾ?" ಕೌಂಟರಿನ ಹುಡುಗ ಪ್ರಿಂಟರ್ ಕಡೆ ತಿರುಗಿಕೊಂಡ.

ನಮ್ಮ ಮಾತು ಬೆಂಗಳೂರಿಗೆ ಯಾಕೆ ಕೇಳುವುದಿಲ್ಲ ಅಂತ ಬುದ್ಧಿವಂತರು ದೊಡ್ಡ ದೊಡ್ಡ ಕಾರಣ ಕೊಡುತ್ತಾರೆ. ಕಾರಣ ಸಣ್ಣದು. 1952ರಲ್ಲಿ ಕೊಡಗು ಬೇರೆ ರಾಜ್ಯವಾಗಿದ್ದಾಗ ನಮಗೆ ನಮ್ಮದೇ ವಿಧಾನಸಭೆ ಇತ್ತು. 24 ಸದಸ್ಯರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಮೈಸೂರಿಗೆ ಸೇರುವುದು ಬೇಡ ಅಂತ ತಕ್ಕಡಿ ಗುರುತಿನಲ್ಲಿ ನಿಂತವರೇ 9 ಜನ ಗೆದ್ದಿದ್ದರು. 1956ರ ನವೆಂಬರ್ 1ಕ್ಕೆ ಸೇರಿಯೇ ಬಿಟ್ಟೆವು. ಮುಂದೆ ಮೂರು ಕ್ಷೇತ್ರ ಇತ್ತು, 2008ಕ್ಕೆ ಅದೂ ಎರಡಾಯಿತು. ಈಗ 224ರಲ್ಲಿ 2. ಅದೇ ತಕ್ಕಡಿಗೆ ಹಾಕಿ ನೋಡಿ, ಮುಳ್ಳು ಅಲ್ಲಾಡುವುದಿಲ್ಲ. ಕಾವೇರಿ ಹುಟ್ಟುವುದು ನಮ್ಮಲ್ಲಿ, ಮುಖ್ಯಮಂತ್ರಿಗಳು ಬಾಗಿನ ಕೊಡುವುದು ಕೆಆರ್‌ಎಸ್‌ನಲ್ಲಿ. ಉಸ್ತುವಾರಿ ಸಚಿವರಾಗಿ ಬಂದ ಎನ್.ಎಸ್. ಬೋಸರಾಜು ರಾಯಚೂರಿನವರು. ಬಿಸಿಲಿನ ಸೀಮೆಯವರನ್ನು ಮಳೆಯ ಸೀಮೆ ನೋಡಿಕೊಳ್ಳಿ ಅಂತ ಕಳಿಸುವುದರಲ್ಲಿ ಏನೋ ಒಂದು ದೂರದೃಷ್ಟಿ ಇರಬೇಕು. ದೂರವಂತೂ ಇದೆ.

ದೊಡ್ಡವರು ಇಲ್ಲಿಗೆ ಓಡಿ ಬರುವುದು ಗುಡ್ಡ ಕುಸಿದಾಗ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಮನೆ, ತೋಟ, ರಸ್ತೆ ಎಲ್ಲ ಕೊಚ್ಚಿ ಹೋದಾಗ ಅಂದಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಬಂದರು. ರಾಜ್ಯದ ಉಸ್ತುವಾರಿ ಸಚಿವ ಸಾ.ರಾ. ಮಹೇಶ್ ಜೊತೆಗಿದ್ದರು. ಯಾರ ಜೊತೆ ಎಷ್ಟು ನಿಮಿಷ ಮಾತಾಡಬೇಕು ಅಂತ ಇಬ್ಬರಿಗೂ ಕ್ಯಾಮೆರಾ ಮುಂದೆಯೇ ಜಟಾಪಟಿಯಾಯಿತು. ಪರಿಹಾರ ಕೇಂದ್ರದ ಟಾರ್ಪಾಲಿನ ಕೆಳಗೆ ಕೂತವರು ಅವತ್ತು ಕೇಂದ್ರ–ರಾಜ್ಯ ಸಂಬಂಧವನ್ನು ಪುಸ್ತಕದ ಹಂಗಿಲ್ಲದೆ ಕಲಿತರು.

ಕಲಿಕೆ ಅಂದ ಕೂಡಲೇ ನಮ್ಮ ವಿಶ್ವವಿದ್ಯಾಲಯ. 2023ರ ಮಾರ್ಚಿನಲ್ಲಿ, ಚುನಾವಣೆ ಘೋಷಣೆಯಾಗುವ ಹೊಸ್ತಿಲಲ್ಲಿ, ಅಂದಿನ ಸರ್ಕಾರ ಒಂದೇ ದಿನ ಏಳು ವಿಶ್ವವಿದ್ಯಾಲಯ ಉದ್ಘಾಟಿಸಿತು. ಅದರಲ್ಲಿ ಕೊಡಗಿನದ್ದೂ ಒಂದು, ಚಿಕ್ಕ ಅಳುವಾರದಲ್ಲಿ. ದುಡ್ಡು ಎಲ್ಲಿಂದ ಅಂತ ಯಾರೂ ಕೇಳಲಿಲ್ಲ, ರಿಬ್ಬನ್ ಚೆನ್ನಾಗಿತ್ತು. 2025ರ ಫೆಬ್ರವರಿಯಲ್ಲಿ ಈಗಿನ ಸರ್ಕಾರದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದು ಅಂದಿತು. ಆ ಪಟ್ಟಿಯಲ್ಲೂ ನಮ್ಮದು ಇತ್ತು. ಒಬ್ಬರು ತೆರೆದು ವೋಟು ಕೇಳಿದರು, ಇನ್ನೊಬ್ಬರು ಮುಚ್ಚಿ ಉಳಿತಾಯ ಮಾಡಲು ಹೊರಟರು. ಯಾವ ಸರ್ಕಾರದ ಸರ್ಟಿಫಿಕೇಟ್ ನಮ್ಮದು ಅಂತ ಮಕ್ಕಳು ಕೇಳಿದರೆ ಏನು ಹೇಳೋಣ?

ಇಷ್ಟೆಲ್ಲ ಆದ ಮೇಲೆ ಮತದಾರನಿಗೆ ಬೇಜಾರಾಗಿದೆ. ಯಾರು ಬಂದರೂ ಅಷ್ಟೇ ಬಿಡಿ ಅನ್ನುತ್ತಾನೆ. ಕ್ಯಾಂಟೀನಿನಲ್ಲಿ, ಮೆಡಿಕಲ್ ಶಾಪಿನಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಇದೇ ಮಾತು. ಈ ಮಾತನ್ನು ಪಕ್ಷಗಳು ಬೈಗುಳ ಅಂದುಕೊಂಡಿವೆ ಅಂತ ನಾವು ತಿಳಿದಿದ್ದೇವೆ. ಅವರಿಗದು ಅಭಯ. ಏನನ್ನೂ ನಿರೀಕ್ಷೆ ಮಾಡದ ಮತದಾರನಿಗಿಂತ ಕಡಿಮೆ ಖರ್ಚಿನ ಮತದಾರ ಎಲ್ಲಿ ಸಿಗುತ್ತಾನೆ? ರಸ್ತೆ ಕೇಳುವವನಿಗೆ ರಸ್ತೆ ಕೊಡಬೇಕು. ಎಲ್ಲರೂ ಕಳ್ಳರು ಅನ್ನುವವನಿಗೆ ಹೌದು ಅಂತ ತಲೆ ಆಡಿಸಿದರೆ ಸಾಕು.

ನಮ್ಮ ಲೆಕ್ಕವೂ ಸರಿಯಿಲ್ಲ ಬಿಡಿ. ಶಾಸಕರು ಸದನದಲ್ಲಿ ಏನು ಕೇಳಿದರು ಅಂತ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಯಾರ ಮದುವೆಗೆ ಬಂದರು, ಎಷ್ಟು ಹೊತ್ತು ಕೂತರು, ಊಟ ಮಾಡಿದರೋ ಇಲ್ಲವೋ, ಎಲ್ಲ ಬಾಯಿಪಾಠ. ರಸ್ತೆ ಮಾಡಿಸದಿದ್ದರೆ ಕ್ಷಮೆ ಇದೆ. ಸಾವಿನ ಮನೆಗೆ ಬರದಿದ್ದರೆ ಮುಗೀತು, ಮೂರು ತಲೆಮಾರಿಗೆ ಆ ವೋಟು ಇಲ್ಲ. ಹೀಗಾಗಿ ಯಾವ ಪಕ್ಷದವರಾದರೂ ಪಾಪ, ವಾರವಿಡೀ ಮದುವೆ, ಗೃಹಪ್ರವೇಶ, ತಿಥಿ, ಹಾಕಿ ಮ್ಯಾಚಿನ ಬಹುಮಾನ ಅಂತ ಓಡಾಡುತ್ತಾರೆ. ರಾಜಕೀಯದವರೆಲ್ಲ ಒಂದೇ ಜಾತಿ ಅಂತ ಚಪ್ಪರದ ಕಂಬಕ್ಕೆ ಒರಗಿ ಭಾಷಣ ಮಾಡುತ್ತಿದ್ದವನು ಶಾಸಕರ ಕಾರು ಕಂಡ ಕೂಡಲೇ ಗ್ಲಾಸು ಕೆಳಗಿಟ್ಟು ಫೋಟೋ ಸಾಲಿನಲ್ಲಿ ಮೊದಲು ನಿಂತಿರುತ್ತಾನೆ.

ಇನ್ನು ಕೆಲವರು ನೋಟಾ ಒತ್ತುತ್ತಾರೆ. 2013ರಿಂದ ಆ ಸೌಕರ್ಯ ಇದೆ. ಮೇಲಿರುವ ಯಾರೂ ಬೇಡ ಅಂತ ಅರ್ಥ. ಒತ್ತಿದ ಮೇಲೆ ಮೇಲಿರುವವರಲ್ಲೇ ಒಬ್ಬರು ಗೆಲ್ಲುತ್ತಾರೆ. ಒಟ್ಟಿನಲ್ಲಿ ಸಿಟ್ಟು ದಾಖಲಾಗುತ್ತದೆ, ಬೆರಳಿಗೆ ಮೈಸೂರಿನಲ್ಲಿ ತಯಾರಾದ ಶಾಯಿ ಹತ್ತುತ್ತದೆ, ಶಾಯಿ ಹೋಗುವಷ್ಟರಲ್ಲಿ ಸಿಟ್ಟೂ ಹೋಗಿರುತ್ತದೆ. 2023ರಲ್ಲಿ ಕಾಂಗ್ರೆಸ್ಸಿಗೆ ಕೊಟ್ಟ ಜಿಲ್ಲೆಯ ಮೈಸೂರು–ಕೊಡಗು ಲೋಕಸಭಾ ಕ್ಷೇತ್ರ ಮರುವರ್ಷವೇ ಮತ್ತೆ ಬಿಜೆಪಿಗೆ ಹೋಯಿತು. ಮೊದಲಿನದ್ದು ಕೋಪ, ಎರಡನೆಯದ್ದು ಅಭ್ಯಾಸ ಅಂತ ಕೆಲವರು. ಉಲ್ಟಾ ಅಂತ ಇನ್ನು ಕೆಲವರು.

ಆದರೂ ಮತ ಹಾಕುವುದಕ್ಕೆ ಬೇಜಾರು ಅಂತ ನಾವು ಅನ್ನುತ್ತಿರುವಾಗ, ಮತ ಕೇಳುವುದಕ್ಕೇ ಬೇಜಾರು ಅಂತ ಸರ್ಕಾರಗಳು ನಮ್ಮನ್ನು ಮೀರಿಸಿವೆ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ ನಾವು ಕೊನೆಯ ಸಲ ವೋಟು ಹಾಕಿದ್ದು 2016ರಲ್ಲಿ. ಅವಧಿ 2021ಕ್ಕೆ ಮುಗಿಯಿತು. ಬಿಜೆಪಿ ಸರ್ಕಾರ ಕ್ಷೇತ್ರ ಮರುವಿಂಗಡಣೆ ಆಗಬೇಕು ಅಂತ ಮುಂದೂಡಿತು. ವಿರೋಧ ಪಕ್ಷದಲ್ಲಿದ್ದ ಕಾಂಗ್ರೆಸ್ಸಿಗೆ ಆಗ ಪ್ರಜಾಪ್ರಭುತ್ವದ ಮೇಲೆ ಬಹಳ ಕಾಳಜಿ ಇತ್ತು. ಅಧಿಕಾರ ಬಂದ ಮೇಲೆ ಅದೇ ಕಾಳಜಿಯಿಂದ ಮೀಸಲಾತಿ ಪಟ್ಟಿ ನೋಡುತ್ತಾ ಕೂತಿತು. 2025 ಮುಗಿದರೂ ಚುನಾವಣೆ ಬರಲಿಲ್ಲ. ಪೊನ್ನಂಪೇಟೆ, ಕುಶಾಲನಗರ ಅಂತ ಎರಡು ಹೊಸ ತಾಲ್ಲೂಕು ಹುಟ್ಟಿದವು. ಪಾಪ, ಅವು ಇನ್ನೂ ಒಂದು ತಾಲ್ಲೂಕು ಪಂಚಾಯಿತಿ ಚುನಾವಣೆಯ ಮುಖ ನೋಡಿಲ್ಲ. ಎಲ್ಲ ಅಧಿಕಾರಿಗಳ ಕೈಯಲ್ಲಿ ನಡೆಯುತ್ತಿದೆ. ಬೆಂಗಳೂರಿನ ಕುರ್ಚಿಗೆ ಇಬ್ಬರು. ಇಲ್ಲಿನ ಅಷ್ಟೂ ಕುರ್ಚಿಗೆ ಯಾರೂ ಇಲ್ಲ.

ಇದರಿಂದ ನಿಜವಾಗಿ ಸೊರಗಿದವರು ಆಕಾಂಕ್ಷಿಗಳು. ನಮ್ಮ ಊರಿನ ಸರ್ಕಲ್ಲಿನಲ್ಲಿ ಒಬ್ಬರ ಫ್ಲೆಕ್ಸ್ 2021ರಿಂದ ಇದೆ. ಮೊದಲು ಯುವ ನಾಯಕ ಅಂತಿತ್ತು. ಆರು ಮಳೆಗಾಲಕ್ಕೆ ಬಣ್ಣ ಹೋಗಿ ಹೊಸದು ಹಾಕಿಸಿದರು, ಈಗ ಜನನಾಯಕ ಅಂತಿದೆ. ಕೂದಲಿಗೆ ಬಣ್ಣ ಫ್ಲೆಕ್ಸಿನಲ್ಲೂ ಇದೆ, ತಲೆಯಲ್ಲೂ ಇದೆ. ಕಳೆದ ವಾರ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿ ಕೈ ಹಿಡಿದುಕೊಂಡರು.

"ಅಣ್ಣ, ಈ ಸಲ ಮನೆಯ ಅಷ್ಟೂ ವೋಟು ನಂಗೇ."

"ಯಾವ ಚುನಾವಣೆಗೆ?"

"ಯಾವುದು ಮೊದಲು ಬರ್ತದೋ ಅದಕ್ಕೆ."

"ಸರಿ, ಯಾವ ಪಕ್ಷ?"

ಅವರು ಆ ಕಡೆ ಈ ಕಡೆ ನೋಡಿ ಸ್ವರ ತಗ್ಗಿಸಿದರು. "ಅದು ಡೇಟ್ ಅನೌನ್ಸ್ ಆಗ್ಲಿ ಅಣ್ಣ, ಹೇಳ್ತೇನೆ. ಫ್ಲೆಕ್ಸಲ್ಲಿ ಜಾಗ ಖಾಲಿ ಬಿಟ್ಟಿದ್ದೇನೆ."